ಮನದ ಗೀಳಿಗೊಂದು ನಾಮಫಲಕ

ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ತಲೆ ಎತ್ತಿ ನೋಡಿದರೆ ಈಗ ಕಾಣುವುದು ಬಹುಪಾಲು ಫ್ಲೆಕ್ಸ್. ಬಣ್ಣ ಕಣ್ಣಿಗೆ ರಾಚುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿಚಿಕೊಂಡು ಹರಿಯುತ್ತದೆ. ಹಳೆಯ ಓಣಿಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ತಗಡಿನ ಬೋರ್ಡು ಉಳಿದಿದೆ. ಎನಾಮೆಲ್ ಬಣ್ಣದಲ್ಲಿ ಬರೆದ ದುಂಡನೆಯ ಕನ್ನಡ ಅಕ್ಷರ, ಅದಕ್ಕೊಂದು ಕೆಂಪು ನೆರಳು, ಕೆಳಗೆ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಬರೆದವನ ಹೆಸರು. ಹಿರಿಯೂರಿನ ಹೆದ್ದಾರಿಯಲ್ಲಿ ನಿಂತ ಲಾರಿಯ ಹಿಂಬದಿಯ ಹುಲಿ, ಹೊಸದುರ್ಗದ ಸಂತೆಗೆ ಹೋಗುವ ದಾರಿಯ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು, ಹೊಳಲ್ಕೆರೆಯ ಹೋಟೆಲಿನ ತಿಂಡಿಪಟ್ಟಿ, ಇವೆಲ್ಲ ಒಂದು ಕಾಲಕ್ಕೆ ಇಂಥವರ ಕೈಯಿಂದಲೇ ಬರಬೇಕಿತ್ತು. ಊರಿಗೆ ಊರೇ ಅವರ ಅಕ್ಷರ ಓದುತ್ತಿತ್ತು. ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ.

ಹೀಗೆ ಬೋರ್ಡು ಬರೆದು ಸಂಸಾರ ತೂಗಿಸಿದ ಒಬ್ಬ ಅಮೆರಿಕನ್ನನ ಕಥೆ ಇದು. ಆತನ ಹೆಸರು ಜಸ್ಟಿನ್ ಗ್ರೀನ್. ಏಣಿ ಹತ್ತಿ ಅಂಗಡಿಗಳ ಹೆಸರು ಬರೆಯುವುದಕ್ಕೆ ಮೊದಲು ಆತ ಇನ್ನೊಂದು ಕೆಲಸ ಮಾಡಿದ್ದ. ತನ್ನ ಮನಸ್ಸಿನೊಳಗೆ ಬಾಲ್ಯದಿಂದ ಬಚ್ಚಿಟ್ಟುಕೊಂಡಿದ್ದ, ಹೆತ್ತವರಿಗೂ ಹೇಳಲು ನಾಚುವಂಥ ಒಂದು ಸಂಕಟವನ್ನು 44 ಪುಟಗಳ ಚಿತ್ರಕಥೆಯಾಗಿ ಬರೆದು 1972ರಲ್ಲಿ ಅಚ್ಚು ಹಾಕಿಸಿದ್ದ. ಚಿತ್ರಕಥೆಯ ಇತಿಹಾಸ ಬರೆಯುವವರು ಇಂದಿಗೂ ಆ ಪುಸ್ತಕದ ಹತ್ತಿರ ಬಂದು ನಿಲ್ಲುತ್ತಾರೆ. ಮನೋವೈದ್ಯರೂ ನಿಂತು ನೋಡಬೇಕಾದ ಪುಸ್ತಕ ಅದು.

ನೆಲದಡಿಯ ಪುಸ್ತಕಗಳು

ಗ್ರೀನ್ ಸೇರಿದ್ದು ‘ಅಂಡರ್‌ಗ್ರೌಂಡ್ ಕಾಮಿಕ್ಸ್’ ಎಂಬ ಬಳಗಕ್ಕೆ. ಭೂಗತ ಎಂದೊಡನೆ ನಮ್ಮವರಿಗೆ ಮುಂಬಯಿಯ ಪಾತಕಿಗಳ ನೆನಪಾಗುತ್ತದೆ. ಇವರು ಹಾಗಲ್ಲ. ಇವರ ಆಯುಧ ಮಸಿ ಮತ್ತು ಲೇಖನಿ. ಅವರು ನೆಲದಡಿಗೆ ಇಳಿದದ್ದಕ್ಕೂ ಒಂದು ಕಾರಣವಿತ್ತು.

ಕನ್ನಡದ ಮಕ್ಕಳಿಗೆ ಚಿತ್ರಕಥೆಯೆಂದರೆ ‘ಚಂದಮಾಮ’ದ ಪಕ್ಕದಲ್ಲಿ ಇಡಬಹುದಾದ ಒಳ್ಳೆಯ ವಸ್ತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ‘ಅಮರ ಚಿತ್ರಕಥೆ’ಯ ಮೂಲಕ ಪುರಾಣ, ಇತಿಹಾಸಗಳನ್ನೆಲ್ಲ ಬಣ್ಣದ ಚೌಕಟ್ಟುಗಳಲ್ಲಿ ತುಂಬಿ ಮನೆಮನೆಗೆ ತಲುಪಿಸಿದರು. ಅಪ್ಪ ಅಮ್ಮಂದಿರೇ ಕೊಂಡು ತಂದು ಕೊಡುತ್ತಿದ್ದ ಪುಸ್ತಕಗಳವು. ಅಮೆರಿಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಚಿತ್ರಕಥೆಗಳೇ ಮಕ್ಕಳನ್ನು ಕೆಡಿಸುತ್ತಿವೆ ಎಂದು ವಾದಿಸುವ ಪುಸ್ತಕವೊಂದನ್ನು ಪ್ರಕಟಿಸಿದ. ದೇಶದಲ್ಲಿ ಗದ್ದಲವೆದ್ದಿತು. ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ಬರೆದುಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗಳಿಗೆ ಹಂಚುವವರೇ ಇಲ್ಲವಾಯಿತು. ಹೀಗಾಗಿ ಮುಂದಿನ ಹತ್ತು ಹದಿನೈದು ವರ್ಷ ಅಮೆರಿಕದ ಚಿತ್ರಕಥೆ ಬಾಲಭಾಷೆಯಲ್ಲೇ ಮಾತನಾಡಬೇಕಾಯಿತು.

ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು ತೆರೆಯುತ್ತದೆ. 1960ರ ದಶಕದಲ್ಲಿ ಆಫ್‌ಸೆಟ್ ಮುದ್ರಣ ಅಗ್ಗವಾಗಿತ್ತು. ಸಣ್ಣ ಮುದ್ರಣಯಂತ್ರವೊಂದಿದ್ದರೆ ಕೆಲವು ಸಾವಿರ ಪ್ರತಿ ತೆಗೆಯುವುದು ಕಷ್ಟವಿರಲಿಲ್ಲ. 1968ರ ಫೆಬ್ರವರಿಯಲ್ಲಿ ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರ ‘ಜ್ಯಾಪ್ ಕಾಮಿಕ್ಸ್’ನ ಮೊದಲ ಸಂಚಿಕೆ ತಂದ. ಮಗುವನ್ನು ತಳ್ಳಿಕೊಂಡು ಹೋಗುವ ಗಾಡಿಯಲ್ಲಿ ಪ್ರತಿಗಳನ್ನು ತುಂಬಿಕೊಂಡು ಸ್ಯಾನ್‌ಫ್ರಾನ್ಸಿಸ್ಕೋದ ಹೇಟ್ ಬೀದಿಯಲ್ಲಿ ಮಾರಲಾಯಿತು. ಮುಂದೆ ಇಂಥ ಪುಸ್ತಕಗಳಿಗೆ ಹಿಪ್ಪಿಗಳ ಅಂಗಡಿಗಳೇ ಮಾರುಕಟ್ಟೆಯಾದವು. ನೀತಿಸಂಹಿತೆಯ ಮುದ್ರೆ ಯಾರಿಗೂ ಬೇಕಿರಲಿಲ್ಲ. ಬರೆದವನ ಚಿತ್ರ ಬರೆದವನದೇ ಸ್ವತ್ತು ಎಂಬ ಮಾತು ಮಾತ್ರ ಮುಖ್ಯವಾಗಿತ್ತು. ದೊಡ್ಡ ಕಂಪನಿಗಳಲ್ಲಿ ಪುಟಕ್ಕಿಷ್ಟು ಎಂದು ಕೂಲಿ ಕೊಟ್ಟು ಹಕ್ಕನ್ನೆಲ್ಲ ಬರೆಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯ ಸಿಕ್ಕ ಕೈಗಳೆಲ್ಲ ಅದನ್ನು ಚೆನ್ನಾಗಿಯೇ ಬಳಸಿದವೆಂದು ಹೇಳಲಾಗದು. ಈ ಪುಸ್ತಕಗಳಲ್ಲಿ ಬಹಳಷ್ಟು ಅಸಹ್ಯವೂ ಇತ್ತು. ಹೆಂಗಸರನ್ನು ಹೀನಾಯವಾಗಿ ಚಿತ್ರಿಸುವುದೇ ಧೈರ್ಯವೆಂದು ಕೆಲವರು ತಿಳಿದಿದ್ದರು. ಟ್ರಿನಾ ರಾಬಿನ್ಸ್ ಎಂಬ ಚಿತ್ರಕಾರ್ತಿ ಅದನ್ನು ಎದುರು ನಿಂತು ಖಂಡಿಸಿದಳು. 1970ರಲ್ಲಿ ಹೆಂಗಸರೇ ಸೇರಿ ರೂಪಿಸಿದ ಚಿತ್ರಕಥೆಯೊಂದನ್ನು ಹೊರತಂದಳು. ಎಲ್ಲವನ್ನೂ ಹೇಳಬಹುದು ಎಂದಾದಾಗ ಏನನ್ನು ಹೇಳಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆ ಪ್ರಶ್ನೆಗೆ ಜಸ್ಟಿನ್ ಗ್ರೀನ್ ಕೊಟ್ಟ ಉತ್ತರ ಯಾರೂ ನಿರೀಕ್ಷಿಸಿದ್ದಲ್ಲ. ಆತ ಊರಿನವರನ್ನು ಬಿಟ್ಟು ತನ್ನನ್ನೇ ಬೆತ್ತಲೆ ಮಾಡಿಕೊಂಡ.

ಒಡೆದ ಮೂರ್ತಿ

ಗ್ರೀನ್ ಹುಟ್ಟಿದ್ದು 1945ರ ಜುಲೈ 27ರಂದು, ಬಾಸ್ಟನ್ ನಗರದಲ್ಲಿ. ಬೆಳೆದದ್ದು ಶಿಕಾಗೋದ ಕಡೆ. ತಂದೆ ಯಹೂದಿ, ತಾಯಿ ಕ್ಯಾಥೊಲಿಕ್. ಹುಡುಗನಿಗೆ ಕ್ಯಾಥೊಲಿಕ್ ಶಾಲೆಯ ಶಿಕ್ಷಣ ದೊರೆಯಿತು. ಪಾಪ, ನರಕ, ತಪ್ಪೊಪ್ಪಿಗೆ ಎಂಬ ಮಾತುಗಳು ಎಳೆಯ ಕಿವಿಗೆ ಬಿದ್ದವು. ಅದೇ ಬೆಂಚಿನಲ್ಲಿ ಕುಳಿತ ಇತರ ಮಕ್ಕಳು ಅದನ್ನು ಕೇಳಿ, ಪರೀಕ್ಷೆಗೆ ಬರೆದು, ಮರೆತು ಆಟಕ್ಕೆ ಓಡಿದರು. ಈ ಹುಡುಗನಿಗೆ ಮರೆಯಲಾಗಲಿಲ್ಲ.

ದೊಡ್ಡವನಾದ ಮೇಲೆ ರೋಡ್ ಐಲೆಂಡಿನ ಹೆಸರಾಂತ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತ. 1967ರಲ್ಲಿ ಕ್ರಂಬ್‌ನ ಒರಟು ಗೆರೆಗಳ ಚಿತ್ರಕಥೆ ಕಣ್ಣಿಗೆ ಬಿತ್ತು. ತೈಲವರ್ಣದ ಗಂಭೀರ ಕಲೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಬಹುದಲ್ಲ ಎನ್ನಿಸಿತು. ಸೈರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು ಅರ್ಧಕ್ಕೆ ಬಿಟ್ಟು 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ದಾರಿ ಹಿಡಿದ. ಮೊದಲಿಗೆ ಚಿಕ್ಕ ಚಿಕ್ಕ ಕಥೆಗಳನ್ನು ಬರೆದ. ಅವುಗಳಲ್ಲೇ ‘ಬಿಂಕಿ ಬ್ರೌನ್’ ಎಂಬ ಹುಡುಗ ಕಾಣಿಸಿಕೊಂಡ. ಹೆಸರು ಬೇರೆಯಾದರೂ ಆ ಹುಡುಗ ಗ್ರೀನೇ.

ರಾನ್ ಟರ್ನರ್ ಎಂಬಾತ 1970ರಲ್ಲಿ ‘ಲಾಸ್ಟ್ ಗ್ಯಾಸ್ಪ್’ ಎಂಬ ಪ್ರಕಾಶನ ಆರಂಭಿಸಿದ್ದ. ಮೊದಲ ಭೂದಿನದ ಹೊತ್ತಿಗೆ ಪರಿಸರದ ಬಗ್ಗೆ ಒಂದು ಚಿತ್ರಕಥೆ ತಂದು ಹೆಸರು ಮಾಡಿದ್ದ. ಗ್ರೀನ್ ಹೇಳಿದ ಕಥೆಯ ಮೇಲೆ ಅವನಿಗೆ ನಂಬಿಕೆ ಹುಟ್ಟಿತು. ತಿಂಗಳಿಗೆ 150 ಡಾಲರ್ ಕೊಡುತ್ತೇನೆ, ಕುಳಿತು ಬರೆ ಎಂದ. ಆ ಹಣದಲ್ಲಿ ಹೊಟ್ಟೆ ಹೊರೆಯುತ್ತ ಗ್ರೀನ್ ಸುಮಾರು ಒಂದು ವರ್ಷ ಕೆಲಸ ಮಾಡಿದ. 1972ರ ಮಾರ್ಚ್‌ನಲ್ಲಿ ‘ಬಿಂಕಿ ಬ್ರೌನ್ ಮೀಟ್ಸ್ ದ ಹೋಲಿ ವರ್ಜಿನ್ ಮೇರಿ’ ಹೊರಬಂತು. ಪುಣ್ಯಮಾತೆ ಮೇರಿಯನ್ನು ಬಿಂಕಿ ಸಂಧಿಸಿದ ಕಥೆ ಎಂದು ಹೆಸರಿನ ಅರ್ಥ.

ಪುಸ್ತಕದ ಆರಂಭದಲ್ಲಿಯೇ ಚಿತ್ರಕಾರ ತನ್ನನ್ನು ತೋರಿಸಿಕೊಂಡಿದ್ದಾನೆ. ಕೈಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಲಾಗಿದೆ. ಕೆಳಗೆ ಹರಿತವಾದ ಕುಡುಗೋಲು. ಲೇಖನಿ ಬಾಯಲ್ಲಿದೆ, ಅದರಿಂದಲೇ ಬರೆಯುತ್ತಿದ್ದಾನೆ. ಈ ಕಥೆ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಪೀಠಿಕೆ ಬೇಕಿಲ್ಲ. ಇಂಥ ಸಂಕಟದಲ್ಲಿರುವವರು ತಾವು ಒಂಟಿಯಲ್ಲವೆಂದು ತಿಳಿಯಲಿ ಎಂಬ ಆಸೆಯನ್ನು ಆತ ಓದುಗರ ಮುಂದೆ ಇಡುತ್ತಾನೆ.

ಅಲ್ಲಿಂದ ಕಥೆ. ಪುಟ್ಟ ಬಿಂಕಿ ಮನೆಯೊಳಗೆ ಚೆಂಡಾಡುವಾಗ ಮೇರಿಮಾತೆಯ ಮೂರ್ತಿ ಬಿದ್ದು ಒಡೆಯುತ್ತದೆ. ಯಾವ ಮನೆಯಲ್ಲಾದರೂ ನಡೆಯಬಹುದಾದ ಘಟನೆ. ಬೈಗುಳ ತಿಂದರೆ ಮುಗಿಯಿತು. ಬಿಂಕಿಯೊಳಗೆ ಮಾತ್ರ ಅದು ಮುಗಿಯುವುದಿಲ್ಲ. ಮಾಡಿದ ತಪ್ಪಿಗೆ ಪರಿಹಾರವಾಗಿ ಇಷ್ಟು ಸಲ ಪ್ರಾರ್ಥಿಸಬೇಕು, ಎಣಿಕೆ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು. ಹರೆಯ ಬಂದಾಗ ಸಂಕಟ ಇಮ್ಮಡಿಯಾಗುತ್ತದೆ. ತನ್ನ ದೇಹದಿಂದ ಅಪವಿತ್ರವಾದ ಕಿರಣಗಳು ಹೊರಡುತ್ತಿವೆ. ಅವು ಯಾವ ಗೋಡೆಗೂ ನಿಲ್ಲದೆ ನೇರವಾಗಿ ಹೋಗಿ ದೂರದ ಚರ್ಚಿಗೆ, ಮೇರಿಯ ಮೂರ್ತಿಗೆ ತಾಕುತ್ತವೆ ಎಂಬ ಭಾವನೆ ಹುಡುಗನ ತಲೆಯಲ್ಲಿ ಗಟ್ಟಿಯಾಗುತ್ತದೆ. ಮುಂದೆ ಕೈಬೆರಳಿಂದಲೂ ಕಾಲ್ಬೆರಳಿಂದಲೂ ಕಿರಣ ಹೊರಡತೊಡಗುತ್ತದೆ. ಯಾವ ಊರಿನಲ್ಲಿ ಚರ್ಚು ಎಲ್ಲಿದೆ, ಅದಕ್ಕೆ ತಾಕದಂತೆ ಎತ್ತ ತಿರುಗಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂಬ ಲೆಕ್ಕಾಚಾರದಲ್ಲೇ ಅವನ ದಿನ ಕಳೆಯುತ್ತದೆ.

ಗ್ರೀನ್ ಈ ಕಿರಣಗಳನ್ನು ಬರೆದ ಬಗೆ ವಿಜ್ಞಾನದ ಪುಸ್ತಕದ ಬೆಳಕಿನ ಪಾಠವನ್ನು ನೆನಪಿಸುತ್ತದೆ. ಸ್ಕೇಲು ಇಟ್ಟು ಎಳೆದ ನೇರ ಗೆರೆಗಳು ಕೋಣೆ ದಾಟಿ, ಬೀದಿ ದಾಟಿ, ಎಲ್ಲೋ ದೂರದಲ್ಲಿ ಒಂದು ಬಿಂದುವಿನಲ್ಲಿ ಸೇರುತ್ತವೆ. ನೋಡುವವನಿಗೆ ನಗು ಬರುತ್ತದೆ. ಮರುಗಳಿಗೆಯಲ್ಲಿ ಹುಡುಗನ ಮುಖ ನೋಡಿದರೆ ನಗು ನಿಲ್ಲುತ್ತದೆ. ಅವನಿಗೆ ಆ ಗೆರೆಗಳು ಗೋಡೆಯಷ್ಟೇ ನಿಜ. ಅವು ಸುಳ್ಳೆಂದು ಗೊತ್ತಿದ್ದೂ ನಿಜ. ಈ ಎರಡನೆಯ ಮಾತೇ ಆ ಕಾಯಿಲೆಯ ತಿರುಳು. ಅದನ್ನು ಮಾತಿನಲ್ಲಿ ವಿವರಿಸಲು ವೈದ್ಯರಿಗೂ ಪುಟಗಟ್ಟಲೆ ಬೇಕಾಗುತ್ತದೆ. ಗ್ರೀನ್ ಅದನ್ನು ನಾಲ್ಕು ಗೆರೆಗಳಲ್ಲಿ ತೋರಿಸಿದ.

ಕೊನೆಗೆ ಬೆಳೆದ ಬಿಂಕಿ ಒಂದಷ್ಟು ಪ್ಲಾಸ್ಟರಿನ ಮೂರ್ತಿಗಳನ್ನು ಕೊಂಡು ತಂದು ಒಡೆಯುತ್ತಾನೆ. ಒಂದು ಮಾತ್ರ ಒಡೆಯದೆ ಉಳಿಯುತ್ತದೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಈ ಭಾಗ ಓದಿ ಭಕ್ತರ ಮನಸ್ಸು ನೊಂದರೆ ಆಶ್ಚರ್ಯವಿಲ್ಲ. ಆದರೆ ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಬಿಂಕಿಯ ಜಗಳ ಮೇರಿಮಾತೆಯ ಜೊತೆಗಲ್ಲ. ಅವಳ ವೇಷ ತೊಟ್ಟು ತನ್ನನ್ನು ಹೆದರಿಸುತ್ತಿದ್ದ ಭಯದ ಜೊತೆಗೆ. ಉಳಿದ ಒಂದು ಮೂರ್ತಿಯನ್ನು ಆತ ಎತ್ತಿಟ್ಟುಕೊಂಡದ್ದೇ ಇದಕ್ಕೆ ಸಾಕ್ಷಿ.

ರಿಲೇ ಬಿಗಿಯಾದ ಮೋಟಾರು

ಪುಸ್ತಕ ಬರೆಯುವಾಗ ಗ್ರೀನ್‌ಗೆ ತನ್ನ ಕಾಯಿಲೆಯ ಪೂರ್ತಿ ಪರಿಚಯವಿರಲಿಲ್ಲ. ಇದೊಂದು ಬಗೆಯ ನರದೌರ್ಬಲ್ಯ ಎಂಬ ಆ ಕಾಲದ ಮಾತಷ್ಟೇ ತಿಳಿದಿತ್ತು. ಮುಂದೆ ವೈದ್ಯರು ಇದನ್ನು ಒಸಿಡಿ ಎಂದು ಗುರುತಿಸಿದರು. ಕನ್ನಡದಲ್ಲಿ ಇದಕ್ಕೆ ‘ಗೀಳು ಕಾಯಿಲೆ’ ಎನ್ನುತ್ತಾರೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರ ಜನಪ್ರಿಯ ಬರಹಗಳಿಂದ ಮನೋರೋಗಗಳ ವಿಚಾರ ಕನ್ನಡ ಓದುಗರಿಗೆ ಹೊಸದೇನಲ್ಲ. ಆದರೂ ಮನೆಯೊಳಗೇ ಅದು ಬಂದು ಕುಳಿತಾಗ ಗುರುತು ಹಿಡಿಯುವವರು ಕಡಿಮೆ.

ಚಿತ್ರದುರ್ಗ ಜಿಲ್ಲೆಯ ರೈತರಿಗೆ ಕೊಳವೆಬಾವಿಯ ಮೋಟಾರು ಗೊತ್ತು. ಮೋಟಾರಿಗೆ ಹೆಚ್ಚು ಹೊರೆ ಬಿದ್ದರೆ ಸ್ಟಾರ್ಟರಿನೊಳಗಿನ ರಿಲೇ ಟ್ರಿಪ್ ಆಗಿ ಕರೆಂಟು ತಪ್ಪಿಸುತ್ತದೆ. ಮೋಟಾರು ಸುಡದಂತೆ ಕಾಯುವ ವ್ಯವಸ್ಥೆ ಅದು. ಆ ರಿಲೇಯನ್ನು ತೀರಾ ಕಡಿಮೆಗೆ ಬಿಗಿ ಮಾಡಿಟ್ಟರೆ ಏನಾಗುತ್ತದೆ? ಮೋಟಾರಿನಲ್ಲಿ ದೋಷವಿಲ್ಲ, ಬಾವಿಯಲ್ಲಿ ನೀರಿದೆ, ಆದರೂ ಮತ್ತೆ ಮತ್ತೆ ಟ್ರಿಪ್. ರೈತ ಮತ್ತೆ ಮತ್ತೆ ಬಂದು ಬಟನ್ ಒತ್ತಬೇಕು. ಗೀಳು ಕಾಯಿಲೆಯೂ ಸರಿಸುಮಾರು ಹೀಗೆಯೇ. ಅಪಾಯವನ್ನು, ತಪ್ಪನ್ನು ಎಚ್ಚರಿಸುವ ವ್ಯವಸ್ಥೆ ಎಲ್ಲರ ಮಿದುಳಿನಲ್ಲೂ ಇದೆ. ಬಾಗಿಲ ಚಿಲಕ ಹಾಕಿದೆಯಾ ಎಂದು ಒಮ್ಮೆ ನೋಡಿದ ಮೇಲೆ ‘ಆಯಿತು’ ಎಂಬ ಸಮಾಧಾನ ಒಳಗಿನಿಂದ ಬರುತ್ತದೆ. ಗೀಳಿರುವವರಿಗೆ ಆ ‘ಆಯಿತು’ ಬರುವುದೇ ಇಲ್ಲ. ಹತ್ತು ಸಲ ನೋಡಿದರೂ ಎಚ್ಚರಿಕೆ ಗಂಟೆ ಹೊಡೆಯುತ್ತಲೇ ಇರುತ್ತದೆ. ಮಿದುಳಿನ ಮುಂಭಾಗಕ್ಕೂ ಒಳಗಿನ ನರಗಂಟುಗಳಿಗೂ ನಡುವೆ ಸುತ್ತುವ ಸಂಕೇತಗಳ ಮಾರ್ಗದಲ್ಲಿನ ವ್ಯತ್ಯಾಸ ಇದಕ್ಕೆ ಕಾರಣವೆಂದು ವಿಜ್ಞಾನಿಗಳ ಅಭಿಪ್ರಾಯ.

ನೂರು ಜನರಲ್ಲಿ ಸುಮಾರು ಇಬ್ಬರಿಗೆ ಬದುಕಿನ ಯಾವುದಾದರೊಂದು ಕಾಲದಲ್ಲಿ ಇದು ತಗಲಬಹುದು. ಹಲವರಲ್ಲಿ ಶಾಲೆ, ಕಾಲೇಜಿನ ವಯಸ್ಸಿನಲ್ಲೇ ಮೊದಲಾಗುತ್ತದೆ. ಅದು ಆಯಾ ಮನೆಯಲ್ಲಿ ಯಾವುದು ಪವಿತ್ರವೋ, ಯಾವುದಕ್ಕೆ ಹೆಚ್ಚು ಹೆದರಿಕೆಯೋ ಅದರ ರೂಪ ತಾಳುತ್ತದೆ. ಶಿಕಾಗೋದ ಕ್ಯಾಥೊಲಿಕ್ ಹುಡುಗನಿಗೆ ಮೇರಿಯ ಮೂರ್ತಿ. ನಮ್ಮ ಕಡೆ ಮಡಿ, ಮೈಲಿಗೆ. ಕೊಡಗಟ್ಟಲೆ ನೀರು ಸುರಿದುಕೊಂಡರೂ ಮೈ ಶುದ್ಧವಾಗಲಿಲ್ಲ ಎನ್ನುವ ಗೃಹಿಣಿ, ದೇವರ ಮುಂದೆ ಕೈಮುಗಿದಾಗಲೇ ಕೆಟ್ಟ ಬೈಗುಳ ನೆನಪಾಗಿ ಒಳಗೊಳಗೇ ಕುಸಿಯುವ ಹುಡುಗ, ಬರೆದ ಉತ್ತರವನ್ನೇ ಹೊಡೆದು ಹೊಡೆದು ಬರೆದು ಪ್ರಶ್ನೆಪತ್ರಿಕೆ ಮುಗಿಸಲಾಗದ ಹುಡುಗಿ. ಇವರನ್ನು ‘ಭಾರೀ ಮಡಿ’, ‘ಸೋಮಾರಿ’, ‘ಅತಿ ನಾಜೂಕು’ ಎಂದೆಲ್ಲ ಕರೆಯುತ್ತೇವೆ. ಕೆಲವರನ್ನು ಮಂತ್ರವಾದಿಗಳ ಹತ್ತಿರ ಕರೆದೊಯ್ಯುವುದೂ ಉಂಟು. ಅವರೋ, ಬಾಯಿ ಬಿಟ್ಟರೆ ಹುಚ್ಚು ಎಂದಾರು ಎಂದು ಹೆದರಿ ವರ್ಷಗಟ್ಟಲೆ ಬಚ್ಚಿಡುತ್ತಾರೆ.

ಇದಕ್ಕೆ ಚಿಕಿತ್ಸೆ ಇದೆ. ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳು ಒಂದು ದಾರಿ. ಇನ್ನೊಂದು ನಡವಳಿಕೆಯ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದಕ್ಕೆ ನಾಂದಿ ಹಾಡಿದ. ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿಸುವುದು, ಮುಟ್ಟಿದ ಮೇಲೆ ಕೈ ತೊಳೆಯದಂತೆ ತಡೆದು ಕೂರಿಸುವುದು. ಕಳವಳ ಮೊದಲು ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ತೊಳೆದರೆ ಮಾತ್ರ ಇಳಿಯುತ್ತದೆ ಎಂದು ಕಲಿತ ಮಿದುಳು, ತೊಳೆಯದಿದ್ದರೂ ಇಳಿಯುತ್ತದೆ ಎಂಬ ಹೊಸ ಪಾಠ ಕಲಿಯುತ್ತದೆ. ಇದನ್ನು ತಿಳಿದವರ ಮೇಲ್ವಿಚಾರಣೆಯಲ್ಲೇ ಹಂತಹಂತವಾಗಿ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1954ರಲ್ಲಿ ಒಬ್ಬ ಮನೋವೈದ್ಯ ಚಿತ್ರಕಥೆಗಳಿಂದ ಮಕ್ಕಳ ಮನಸ್ಸು ಕೆಡುತ್ತದೆ ಎಂದು ಬರೆದ. ಹದಿನೆಂಟು ವರ್ಷಗಳ ನಂತರ ಒಂದು ಚಿತ್ರಕಥೆಯೇ ಮಗುವಿನ ಮನಸ್ಸು ಹೇಗೆ ನೋಯುತ್ತದೆ ಎಂಬುದನ್ನು ಒಳಗಿನಿಂದ ತೋರಿಸಿಕೊಟ್ಟಿತು. ಅದಕ್ಕೆ ಆ ನೀತಿಸಂಹಿತೆಯ ಮುದ್ರೆ ಸಿಗುವುದು ಸಾಧ್ಯವೇ ಇರಲಿಲ್ಲ.

ಹಿಂದೆಯೇ ಬಂದವರು

ಗ್ರೀನ್‌ನ ಪುಸ್ತಕ ಓದಿ ಮೊದಲು ಬೆಚ್ಚಿದವರು ಅವನ ಜೊತೆಯ ಚಿತ್ರಕಾರರೇ. ಅಲ್ಲಿಯವರೆಗೆ ಚಿತ್ರಕಥೆಯ ನಾಯಕನೆಂದರೆ ಹಾರುವ ವೀರ, ಮಾತನಾಡುವ ಬಾತುಕೋಳಿ, ಇಲ್ಲವೇ ಅಮಲೇರಿದ ಹಿಪ್ಪಿ. ಒಬ್ಬ ಸಾಮಾನ್ಯ ಮನುಷ್ಯ ತನ್ನ ಬದುಕಿನ ನಾಚಿಕೆಯನ್ನು ಹೀಗೆ ದೀರ್ಘವಾಗಿ ಬರೆಯಬಹುದೆಂದು ಯಾರಿಗೂ ತೋಚಿರಲಿಲ್ಲ. ಏಲೀನ್ ಕೊಮಿನ್ಸ್ಕಿ ಎಂಬ ತರುಣಿ ಇದರಿಂದ ಧೈರ್ಯ ತಂದುಕೊಂಡು ಅದೇ ವರ್ಷ ತನ್ನ ಬಾಲ್ಯದ, ತನ್ನ ರೂಪದ ಬಗೆಗಿನ ಕೀಳರಿಮೆಯ ಕಥೆ ಬರೆದಳು.

ಇನ್ನೊಬ್ಬ ಆರ್ಟ್ ಸ್ಪೀಗಲ್‌ಮನ್. ಪ್ರಾಣಿಗಳನ್ನು ಪಾತ್ರವಾಗಿಸಿದ ಚಿತ್ರಕಥೆಗಳ ಸಂಕಲನಕ್ಕೆ ಏನಾದರೂ ಬರೆದುಕೊಡು ಎಂದು 1972ರಲ್ಲಿ ಗ್ರೀನ್ ಅವನನ್ನು ಕೇಳಿದ. ಸ್ಪೀಗಲ್‌ಮನ್ ಮೂರು ಪುಟ ಬರೆದುಕೊಟ್ಟ. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ನಾಜಿ ಶಿಬಿರದಿಂದ ಬದುಕಿ ಬಂದ ತಂದೆ ಮಗನಿಗೆ ಹೇಳುವ ಕಥೆ. ಆ ಮೂರು ಪುಟವೇ ಮುಂದೆ ‘ಮೌಸ್’ ಎಂಬ ಎರಡು ಸಂಪುಟಗಳಾಗಿ ಬೆಳೆಯಿತು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಬಿಂಕಿ ಬ್ರೌನ್ ಇಲ್ಲದಿದ್ದರೆ ತನ್ನ ‘ಮೌಸ್’ ಹುಟ್ಟುತ್ತಲೇ ಇರಲಿಲ್ಲ ಎಂದು ಸ್ಪೀಗಲ್‌ಮನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಇಂದು ಜಗತ್ತಿನ ಎಲ್ಲೆಡೆ ಆತ್ಮಕಥನದ ಚಿತ್ರಕಾದಂಬರಿಗಳು ಬರುತ್ತಿವೆ. ಅವುಗಳ ವಂಶವೃಕ್ಷದ ಬುಡದಲ್ಲಿ ಆ 44 ಪುಟಗಳಿವೆ.

ತಪ್ಪೊಪ್ಪಿಕೊಂಡು ಹಗುರಾಗುವ ಈ ರೀತಿ ಕನ್ನಡಕ್ಕೆ ಅಪರಿಚಿತವೇನಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ಮನಸ್ಸಿನ ಚಂಚಲತೆಯನ್ನು, ಕಪಟವನ್ನು ದೇವರೆದುರು ಮಾತ್ರವಲ್ಲ, ಜನರೆದುರೂ ಬಿಚ್ಚಿಟ್ಟರು. ಅವರಿಗೆ ಅದು ಸಾಧನೆಯ ಒಂದು ಮೆಟ್ಟಿಲಾಗಿತ್ತು. ಗ್ರೀನ್‌ಗೆ ಅದು ಉಸಿರಾಡುವ ದಾರಿಯಾಗಿತ್ತು.

ಏಣಿಯ ಮೇಲಿನ ಬದುಕು

ಇಷ್ಟೆಲ್ಲ ಕೀರ್ತಿಯಿಂದ ಒಲೆ ಉರಿಯಲಿಲ್ಲ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಶ್ಲೀಲತೆಯ ಬಗ್ಗೆ ಒಂದು ತೀರ್ಪು ಕೊಟ್ಟಿತು. ಯಾವುದು ಅಶ್ಲೀಲ ಎಂಬುದನ್ನು ಆಯಾ ಪ್ರದೇಶದ ಜನರ ಅಳತೆಗೋಲಿನಿಂದ ತೀರ್ಮಾನಿಸಬಹುದು ಎಂದಿತು. ಹಾಗೆಂದರೆ ಒಂದೂರಿನಲ್ಲಿ ಮಾರಬಹುದಾದ ಪುಸ್ತಕಕ್ಕೆ ಪಕ್ಕದೂರಿನಲ್ಲಿ ಜೈಲು. ಅಂಗಡಿಯವರು ಕೈ ತೆಗೆದರು. ಭೂಗತ ಕಾಮಿಕ್ಸ್‌ನ ಮಾರುಕಟ್ಟೆ ಕುಗ್ಗಿತು. ಗ್ರೀನ್ ಆಮೇಲೆಯೂ ಬರೆದ; ‘ಶೋ ಅಂಡ್ ಟೆಲ್’, ‘ಸೇಕ್ರೆಡ್ ಅಂಡ್ ಪ್ರೊಫೇನ್’ ಎಂಬ ಪುಸ್ತಕಗಳನ್ನು ತಂದ. ಸಂಸಾರ ಸಾಗಲು ಅವು ಸಾಲುತ್ತಿರಲಿಲ್ಲ. ಕ್ಯಾರೊಲ್ ಟೈಲರ್ ಎಂಬ ಚಿತ್ರಕಾರ್ತಿಯನ್ನು ಮದುವೆಯಾಗಿದ್ದ, ಮಗಳೊಬ್ಬಳು ಹುಟ್ಟಿದ್ದಳು. ಕೈ ಬಲ್ಲ ಇನ್ನೊಂದು ಕಸುಬೆಂದರೆ ಅಕ್ಷರ. ಆತ ಬೋರ್ಡು ಬರೆಯತೊಡಗಿದ.

ಅದನ್ನು ಆತ ಸೋಲೆಂದು ಭಾವಿಸಲಿಲ್ಲ ಎಂಬುದು ಗಮನಾರ್ಹ. ಅಮೆರಿಕದಲ್ಲಿ ನಾಮಫಲಕ ಬರೆಯುವವರಿಗೆಂದೇ 1906ರಿಂದ ನಡೆದುಬಂದ ‘ಸೈನ್ಸ್ ಆಫ್ ದ ಟೈಮ್ಸ್’ ಎಂಬ ಪತ್ರಿಕೆ ಇದೆ. ಹೆಸರು ಕೇಳಿ ವಿಜ್ಞಾನ ಪತ್ರಿಕೆ ಎಂದುಕೊಳ್ಳಬಾರದು. ಇಲ್ಲಿನ ‘ಸೈನ್’ ಎಂದರೆ ಬೋರ್ಡು. ಅದರಲ್ಲಿ ಗ್ರೀನ್ ‘ಸೈನ್ ಗೇಮ್’ ಎಂಬ ಚಿತ್ರಕಥೆಯ ಅಂಕಣವನ್ನು 1980ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಬರೆದ. ಕಸುಬಿನ ಒಳಗುಟ್ಟುಗಳು, ಬೋರ್ಡು ಬರೆಯುವವರ ಪಾಡು, ಗಿರಾಕಿಗಳ ತಕರಾರು, ಎಲ್ಲವೂ ಅದರಲ್ಲಿ ಬಂದವು. 1990ರ ದಶಕದಲ್ಲಿ ಅವು ಪುಸ್ತಕವಾದವು. ‘ಪಲ್ಸ್’ ಎಂಬ ಸಂಗೀತ ಪತ್ರಿಕೆಗೆ ಸಂಗೀತಗಾರರ ಜೀವನವನ್ನು ಚಿತ್ರಕಥೆಯಾಗಿ ಬರೆದುಕೊಡುತ್ತಿದ್ದುದೂ ಇದೇ ಕಾಲದಲ್ಲಿ.

ಬೋರ್ಡಿನ ಕೆಲಸಕ್ಕೂ ಕಲ್ಲು ಬೀಳುವ ಕಾಲ ಬಂತು. ಕಂಪ್ಯೂಟರಿನ ಆಜ್ಞೆಯಂತೆ ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಯಂತ್ರಗಳು 1980ರ ದಶಕದಲ್ಲಿ ಅಲ್ಲಿ ಬಂದವು. ಒಂದು ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ನಮ್ಮ ಜಿಲ್ಲೆಯ ಬೋರ್ಡು ಬರೆಯುವವರು ಎರಡು ದಶಕ ತಡವಾಗಿ ಅದೇ ಏಟು ತಿಂದರು. ಅವರಲ್ಲಿ ಕೆಲವರು ಫ್ಲೆಕ್ಸ್ ಅಂಗಡಿಯಲ್ಲೇ ಮೌಸ್ ಹಿಡಿದು ಕುಳಿತರು. ಕೆಲವರು ಮನೆಗೆ ಸುಣ್ಣ ಬಣ್ಣ ಹೊಡೆಯುವ ಕೆಲಸಕ್ಕೆ ಹೋದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆದೇಶದಿಂದ ಬ್ರಷ್ ಹಿಡಿದ ಕೈಗಳು ಮರಳಿ ಬರಲಿಲ್ಲ.

ಗ್ರೀನ್‌ನ ಹಳೆಯ ಪುಸ್ತಕವನ್ನು ಮಾತ್ರ ಕಾಲ ಮರೆಯಲಿಲ್ಲ. 1995ರಲ್ಲಿ ಅದು ಸ್ಪೀಗಲ್‌ಮನ್‌ನ ಮುನ್ನುಡಿಯೊಂದಿಗೆ ಮತ್ತೆ ಬಂತು. 2009ರಲ್ಲಿ ಇನ್ನೊಬ್ಬ ಪ್ರಕಾಶಕರು ದೊಡ್ಡ ಆಕಾರದಲ್ಲಿ ಮರುಮುದ್ರಣ ಮಾಡಿದರು. ಮೂಲ ಹಾಳೆಗಳಲ್ಲಿದ್ದ ತಿದ್ದುಪಡಿಗಳೂ ಕಾಣುವಂತೆ ಅದನ್ನು ಅಚ್ಚು ಹಾಕಲಾಗಿತ್ತು. ತಪ್ಪು ಗೆರೆ ಎಳೆಯಬಾರದೆಂಬ ಗೀಳಿನಿಂದ ನರಳಿದವನ ತಪ್ಪು ಗೆರೆಗಳನ್ನೂ ಜನ ಪ್ರೀತಿಯಿಂದ ನೋಡಿದರು.

ಪುಸ್ತಕ ಬರೆದ ಮಾತ್ರಕ್ಕೆ ಕಾಯಿಲೆ ಬಿಟ್ಟುಹೋಯಿತೆಂದು ತಿಳಿಯಬಾರದು. ಗೀಳಿನೊಂದಿಗೆ ಗ್ರೀನ್ ಕೊನೆಯವರೆಗೂ ಹೆಣಗಿದ. ಕಲೆ ಔಷಧಿಯಲ್ಲ. ಆದರೆ ಕತ್ತಲಲ್ಲಿದ್ದ ಶತ್ರುವನ್ನು ಬೀದಿಗೆ ಎಳೆದು ತಂದು, ಇವನು ಹೀಗಿದ್ದಾನೆ ನೋಡಿ ಎಂದು ತೋರಿಸಿದ ಮೇಲೆ ಅವನ ಗರ್ವ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದೇ ಶತ್ರುವಿನಿಂದ ಪಕ್ಕದ ಮನೆಯಲ್ಲಿ ನರಳುತ್ತಿರುವವರಿಗೆ ಅವನ ಗುರುತು ಸಿಗುತ್ತದೆ.

2022ರ ಏಪ್ರಿಲ್ 23ರಂದು ಸಿನ್ಸಿನಾಟಿಯಲ್ಲಿ ಜಸ್ಟಿನ್ ಗ್ರೀನ್ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 76.

ಒಳ್ಳೆಯ ಬೋರ್ಡಿನ ಲಕ್ಷಣವೇನು? ರಸ್ತೆಯ ಆಚೆ ಬದಿಯಲ್ಲಿ ಹೋಗುವ ಅಪರಿಚಿತನಿಗೂ ಅಕ್ಷರ ಕಾಣಬೇಕು; ತನಗೆ ಬೇಕಾದದ್ದು ಇಲ್ಲಿ ಸಿಗುತ್ತದೆಂದು ತಿಳಿಯಬೇಕು. ಬಿಂಕಿ ಬ್ರೌನ್‌ನ ಕಥೆ ಮಾಡಿದ್ದೂ ಅಷ್ಟೇ. ಹೆಸರಿಲ್ಲದ ಸಂಕಟಕ್ಕೆ ಅದೊಂದು ನಾಮಫಲಕ ತೂಗುಹಾಕಿತು. ಈ ಹೊತ್ತು ಹೊಳಲ್ಕೆರೆಯಲ್ಲೋ ಹಿರಿಯೂರಿನಲ್ಲೋ ಒಬ್ಬ ಹುಡುಗ ನಲ್ಲಿಯ ಕೆಳಗೆ ನಲವತ್ತನೆಯ ಸಲ ಕೈ ತೊಳೆಯುತ್ತಿರಬಹುದು. ಮನೆಯವರು ನೀರು ದಂಡವಾಯಿತೆಂದು ಗದರುತ್ತಿರಬಹುದು. ಅವನ ಪಕ್ಕ ಕುಳಿತು, ಇದಕ್ಕೊಂದು ಹೆಸರಿದೆ, ಇದು ನಿನ್ನೊಬ್ಬನಿಗೆ ಬಂದದ್ದಲ್ಲ, ಇದಕ್ಕೆ ಮದ್ದೂ ಇದೆ ಎಂದು ಹೇಳುವವರು ಒಬ್ಬರು ಬೇಕು. ಹೇಳುವುದಕ್ಕೆ ಚಿತ್ರಕಾರನೇ ಆಗಬೇಕೆಂದಿಲ್ಲ.